ಆಲಸ್ಯ ಮಾಡುವ ಮೇಸ್ತ್ರಿಗಳು

“ಅಮ್ಮಾ, ಮೇಲಿನ ಮನೆ ತಾತಗಾರು ಮಿಷನ್ನಾ?” ಎಂದು ಪುಟ್ಟಿ ಇಂದು ಊಟದ ನಡುವೆ ಕೇಳಿದಳು. ತುತ್ತು ಇನ್ನೂ ಬಾಯಲ್ಲೇ ಇತ್ತು. ಮೊದಲು ನುಂಗು ಎಂದೆ. ನುಂಗಿ ಮತ್ತೆ ಅದನ್ನೇ ಕೇಳಿದಳು. ಬೆಳಿಗ್ಗೆ ನಾವು ಮಾತಾಡುವಾಗ ಅಲ್ಲೇ ಬಣ್ಣ ಹಚ್ಚುತ್ತ ಕುಳಿತಿದ್ದಳಲ್ಲ, ಕೇಳಿಸಿಕೊಂಡಿದ್ದಾಳೆ.

ತಾತಗಾರು ಎಂದರೆ ಫಣೀಂದ್ರ ಅವರು. ನಾನು ಬಾಬಾಯಿಗಾರು ಎನ್ನುತ್ತೇನೆ. ಈ ತೆಲುಗು ಊರಿನಲ್ಲಿ ಚಿಕ್ಕಪ್ಪನ ಸಲುಗೆಯವರನ್ನು ಹಾಗೆ ಕರೆಯುವುದು ವಾಡಿಕೆ. ಅವರ ತಂದೆ ವಿಜಯವಾಡದ ತೆಲುಗಿನವರು, ತಾಯಿ ಸೂರ್ಯಕಾಂತಮ್ಮ ಬಳ್ಳಾರಿ ಕಡೆಯವರು. ವಿಜಯವಾಡದ ಆಟೋನಗರದಲ್ಲಿ ಲಾರಿಗಳಿಗೆ ಮರದ ಬಾಡಿ ಕಟ್ಟುವ ಷೆಡ್ಡೊಂದರಲ್ಲಿ ಸೂಪರ್‌ವೈಸರ್ ಆಗಿದ್ದು, ನಿವೃತ್ತರಾದ ಮೇಲೆ ಮಗಳು ರಾಜ್ಯಶ್ರೀಯ ಜೊತೆ ಈ ಪೆಂಡುರ್ತಿಗೆ ಬಂದರು. ಬ್ಯಾಂಕಿನ ವರ್ಗಾವಣೆಯಲ್ಲಿ ನಾವು ದಾವಣಗೆರೆಯಿಂದ ಬಂದು ಕೆಳಗಿನ ಮನೆ ಹಿಡಿದಾಗ, ನಮ್ಮ ಕನ್ನಡ ಕೇಳಿ ಮೆಟ್ಟಿಲಿಳಿದು ಬಂದವರು ಅವರು. ತಾಯಿ ಹೋದ ಮೇಲೆ ಕನ್ನಡದಲ್ಲಿ ಮಾತಾಡಲು ಯಾರೂ ಇರಲಿಲ್ಲವಂತೆ. ಅಕ್ಷರ ಕಲಿಸಿದ್ದೂ ತಾಯಿಯೇ.

ಯಾರು ಬೇಕಾದರೂ ಬರೆಯಬಹುದಾದ ಅಂತರ್ಜಾಲದ ಕನ್ನಡ ವಿಶ್ವಕೋಶದಲ್ಲಿ ಲಾರಿ ಬಾಡಿಯ ಬಗ್ಗೆ ಏನೂ ಇಲ್ಲವೆಂದು ಅವರಿಗೆ ಗೊತ್ತಾದದ್ದು ಸಂಕ್ರಾಂತಿಯ ಹೊತ್ತಿಗೆ. ಅಂದಿನಿಂದ ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಟೈಪು ಮಾಡುತ್ತಲೇ ಇದ್ದರು. ಪುಟ ಹಾಕಿದ ಮರುದಿನವೇ, ಆಧಾರ ಎಲ್ಲಿ ಎಂದು ಯಾರೋ ಅಳಿಸಿದರು. “ಆಧಾರ ನಾನೇ ಕದಮ್ಮಾ, ಕೆಲಸ ಕಲಿತಾಗಿಂದ ಅಲ್ಲೇ ನಿಂತಿದ್ದೆ” ಎಂದು ನಮ್ಮ ಬಾಗಿಲಲ್ಲಿ ನಿಂತು ಗೊಣಗಿದರು. ಆಮೇಲೆ ಹಳೆಯ ತೆಲುಗು ಪತ್ರಿಕೆಗಳನ್ನು ಹುಡುಕಿ ಅದನ್ನೂ ಒದಗಿಸಿದರು. ಪುಟ ನಿಂತಿತು. ಖುಷಿಯಲ್ಲಿ, ನಮ್ಮಿಂದ ಪರಿಚಯವಾದ ಇಲ್ಲಿನ ಕನ್ನಡ ಸಂಘದ ವಾಟ್ಸಾಪ್ ಗುಂಪಿಗೂ ಲಿಂಕ್ ಕಳಿಸಿದರು.

ಇಂದು ಬೆಳಿಗ್ಗೆ ಮೊಬೈಲ್ ಹಿಡಿದು ಬಂದರು. ಪುಟ ಮತ್ತೆ ಇಲ್ಲ. ‘ಯಂತ್ರಾನುವಾದ. ಕನ್ನಡ ಬಲ್ಲ ಮನುಷ್ಯ ಬರೆದದ್ದಲ್ಲ’ ಎಂದು ಒಬ್ಬ ಸಂಪಾದಕರ ಟಿಪ್ಪಣಿ. ಕೆಳಗೆ ಸಾಕ್ಷಿಯಾಗಿ ಇವರದೇ ವಾಕ್ಯ: ‘ಒಳ್ಳೆಯ ಮೇಸ್ತ್ರಿಗಳು ಆಲಸ್ಯ ಮಾಡುತ್ತಾರೆ. ಆದರೂ ಅವರ ಅವಸರ ಎಲ್ಲರಿಗೂ ಇದೆ.’

ನನಗೆ ನಗು ಬಂತು. ಒಲೆಯ ಮೇಲಿನ ಹಾಲು ನೋಡುವವಳಂತೆ ತಿರುಗಿಬಿಟ್ಟೆ.

“ಇದರಲ್ಲಿ ತಪ್ಪೇನಮ್ಮಾ?”

“ಬಾಬಾಯಿಗಾರೂ, ಆಲಸ್ಯ ಅಂದ್ರೆ ತೆಲುಗಲ್ಲಿ ತಡ. ನಮ್ಮಲ್ಲಿ ಸೋಮಾರಿತನ.”

“ಅವಸರ?”

“ತೆಲುಗಲ್ಲಿ ಅಗತ್ಯ. ನಮ್ಮಲ್ಲಿ ಗಡಿಬಿಡಿ.”

ಅವರು ವಾಕ್ಯವನ್ನು ತುಟಿಯಲ್ಲೇ ಮತ್ತೆ ಓದಿಕೊಂಡರು. ನನ್ನ ಗಂಡ ವಿನಾಯಕ ಬೂಟು ಹಾಕಿಕೊಳ್ಳುತ್ತ, “ಮಿಷನ್ ಆದ್ರೂ ಇಷ್ಟು ಚೆನ್ನಾಗಿ ತಪ್ಪು ಮಾಡಲ್ಲ ಬಿಡಿ ಸರ್” ಎಂದರು. ತಮಾಷೆಗೇ ಅಂದದ್ದು. ಯಾರೂ ನಗಲಿಲ್ಲ.

“ಮರ ಪೂರ್ತಿ ಒಣಗೋವರೆಗೂ ನಮ್ಮ ಷೆಡ್ಡಿನ ಕಾಮೇಶ್ವರ ಮೇಸ್ತ್ರಿ ಉಳಿ ಹಿಡೀತಿರಲಿಲ್ಲ. ಓನರ್ ಬಯ್ದರೂ ಅಷ್ಟೇ. ಅದಕ್ಕೇ ಅವರು ಕಟ್ಟಿದ ಬಾಡಿ ಅಲ್ಲಾಡ್ತಿರಲಿಲ್ಲ. ಅದನ್ನ ಹೇಳೋಕೆ ಹೋಗಿ ಅವರನ್ನೇ ಸೋಮಾರಿ ಮಾಡಿಬಿಟ್ಟೆ” ಎಂದರು ಬಾಬಾಯಿಗಾರು.

ಸಂಘದವರೆಲ್ಲ ಅದನ್ನು ಓದಿದ್ದಾರೆ. ಕೈಮುಗಿದ ಚಿಹ್ನೆ ಹಾಕಿ ಸುಮ್ಮನಾಗಿದ್ದಾರೆ, ತಪ್ಪಿದೆ ಎಂದು ಒಬ್ಬರೂ ಹೇಳಿಲ್ಲ.

“ಅಮ್ಮನ ಹತ್ರ ಇಷ್ಟು ವರ್ಷ ಹೀಗೇ ಮಾತಾಡಿದೀನಿ. ಅವಳೂ ಹೇಳಲಿಲ್ಲ ನೋಡು.”

ಆಗ ಅವರ ಮುಖ ನೋಡಲು ನನಗೇ ನಾಚಿಕೆಯಾಯಿತು. ಕಾಫಿ ಕೊಟ್ಟೆ. ಅರ್ಧಕ್ಕೇ ಇಟ್ಟು ಹೋದರು.

ಊಟದ ಹೊತ್ತಿಗೆ ಪುಟ್ಟಿಗೆ, ಕಾಫಿ ಕುಡಿಯುವವರು ಮಿಷನ್ ಹೇಗಾಗುತ್ತಾರೆ ಎಂದೆ. ಒಪ್ಪಿದಳು.

ಸಂಜೆ ಒಣಗಿದ ಬಟ್ಟೆ ತರಲು ತಾರಸಿಗೆ ಹೋದಾಗ ಅವರು ಅಲ್ಲಿ ಒಬ್ಬರೇ ಕುಳಿತಿದ್ದರು. ಸಂಘದ ಗುಂಪಿನಿಂದ ಹೊರಬಂದೆ ಎಂದರು. ಪುಟವನ್ನು ಮಾತ್ರ ಮೊದಲಿನಿಂದ ಬರೆಯುತ್ತಿದ್ದರು. ನಾನು ತಿದ್ದಿಕೊಡಲೇ ಎಂದೆ. ತಲೆಯಾಡಿಸಿ ಬೇಡವೆಂದರು. ನಾನು ಬಟ್ಟೆ ತೆಗೆದುಕೊಂಡು ಹೊರಟಾಗ, ನನ್ನ ಕಡೆ ನೋಡದೆ ಮೊಬೈಲ್ ಚಾಚಿದರು.

“ತಿದ್ದಬೇಡ. ಹಾಕೋ ಮೊದಲು ಒಂದ್ಸಲ ಓದಿಬಿಡಮ್ಮಾ. ನಗು ಬಂದ್ರೆ ನನ್ನೆದುರಿಗೇ ನಗು. ಎಲ್ಲಿ ನಕ್ಕೆ ಅಂತ ಮಾತ್ರ ತೋರಿಸು.”