ಐಲಿ ಕಾಂಗಸ್ ಮತ್ತೆ ಕಾಲೇಜು ಸೇರಿದ್ದು

ಅಮೆರಿಕದ ಉತ್ತರದಂಚಿನ ನಮ್ಮ ಕಾಪರ್ ಬೆಂಡ್ ಊರಿನ ಶಾಲೆಯ ವಿಶೇಷ ಮಕ್ಕಳ ತರಗತಿಗೆ ಟೀಚರುಗಳು ಬರುತ್ತಿದ್ದರು, ಸುಪೀರಿಯರ್ ಸರೋವರದ ಗಾಳಿಯಲ್ಲಿ ಒಂದು ಚಳಿಗಾಲ ಕಳೆದು ಓಡಿಹೋಗುತ್ತಿದ್ದರು. ಓಡದೆ ಉಳಿದವಳು ಐಲಿ ಕಾಂಗಸ್ ಒಬ್ಬಳೇ. ಆದರೆ ಅವಳು ಟೀಚರಲ್ಲ, ಸಹಾಯಕಿ. ಮಕ್ಕಳ ಬೂಟು ಬಿಚ್ಚಿಸುವುದು, ಕಚ್ಚಲು ಬರುವವನನ್ನು ತಡೆಯುವುದು, ಅಳುವವಳ ಪಕ್ಕ ನೆಲದ ಮೇಲೆ ಕೂರುವುದು, ಹೀಗೇ ವರ್ಷಗಳು ಉರುಳಿದ್ದವು.

ಒಂದು ವಸಂತದಲ್ಲಿ ಮತ್ತೊಬ್ಬ ಟೀಚರು ರಾಜೀನಾಮೆ ಕೊಟ್ಟಳು. ಹೆಡ್‌ಮಾಸ್ಟರ್ ಹಾಲ್ವರ್‌ಸನ್ ಐಲಿಯನ್ನು ಕರೆದು ಹೇಳಿದರು: "ನಿನ್ನ ಹತ್ರ ಒಂದು ಡಿಗ್ರಿ ಇದ್ದಿದ್ರೆ ನಾಳೆನೇ ಈ ಕ್ಲಾಸು ನಿನ್ನ ಕೈಗೆ ಕೊಡ್ತಿದ್ದೆ ಕಣಮ್ಮ. ರಿಟೈರ್ ಆಗಿರೋ ಪ್ರಿಚರ್ಡ್ ಮೇಷ್ಟ್ರನ್ನ ಕಾಡಿ ಬೇಡಿ ಎರಡು ವರ್ಷಕ್ಕೆ ಒಪ್ಪಿಸಿದೀನಿ. ಆಮೇಲೆ ದೇವರೇ ಗತಿ."

ಮಾರನೆಯ ದಿನ ಐಲಿ ನಮ್ಮ ಲೈಬ್ರರಿಗೆ ಬಂದಳು. ಅಲ್ಲಿ ಪುಸ್ತಕ ಕೊಟ್ಟು ತೆಗೆದುಕೊಳ್ಳುವವಳು ನಾನು. ಚಿಕ್ಕಂದಿನಿಂದ ಒಂದೇ ಬೆಂಚಿನಲ್ಲಿ ಕೂತವರು ನಾವು. ಆದರೂ ನನ್ನ ಮೇಜಿನ ಮುಂದೆ ಟೋಪಿ ಹಿಂಡುತ್ತಾ ನಿಂತಳು.

"ಮಾರಿಟ್, ನಗಬೇಡ. ನಲವತ್ತಾರು ವಯಸ್ಸಿಗೆ ಕಾಲೇಜು ಸೇರೋದು ಹೇಗೆ?"

ನಾನು ನಗಲಿಲ್ಲ. ಅವಳು ಇಪ್ಪತ್ತರ ವಯಸ್ಸಿನಲ್ಲಿ ಕಾಲೇಜು ಬಿಟ್ಟದ್ದು ಯಾಕೆಂದು ನನಗೆ ಗೊತ್ತಿತ್ತು. ಮೀನಿಗೆ ಹೋದ ಅಪ್ಪನ ದೋಣಿ ಮರಳಿ ಬರಲಿಲ್ಲ. ಇವಳು ಅರ್ಧದಲ್ಲೇ ಎದ್ದು ಊರಿಗೆ ಬಂದಳು, ಮತ್ತೆ ಹೋಗಲಿಲ್ಲ.

ಈಗ ಹೋಗುವಂತೆಯೂ ಇರಲಿಲ್ಲ. ಟೀಚರ್ ತರಬೇತಿಯ ಕಾಲೇಜು ಹಿಮದ ದಾರಿಯಲ್ಲಿ ಮೂರು ಗಂಟೆ ದೂರ. ಕೆಲಸ ಬಿಡುವಂತಿಲ್ಲ. ಕಂಪ್ಯೂಟರಿನಲ್ಲೇ ಓದಬೇಕು, ಕೈಗೆಟುಕುವ ಶುಲ್ಕವಿರಬೇಕು, ಎರಡು ವರ್ಷದಲ್ಲಿ ಮುಗಿಯಬೇಕು. ಈ ಮೂರೂ ಒಟ್ಟಿಗೆ ಸಿಗುತ್ತವೆಯೇ ಎಂದು ನಾನು ಹುಡುಕುವಷ್ಟರಲ್ಲಿ ಐಲಿ ಆತುರಪಟ್ಟು ಯಾವುದೋ ಜಾಹೀರಾತಿಗೆ ತನ್ನ ಮನೆಯ ಫೋನ್ ನಂಬರ್ ಕೊಟ್ಟುಬಿಟ್ಟಳು.

ಅಲ್ಲಿಂದ ಶುರುವಾಯಿತು ಕಾಟ. "ಹತ್ತೇ ತಿಂಗಳಲ್ಲಿ ಪದವಿ, ಪರೀಕ್ಷೆಯ ಗೋಜಿಲ್ಲ, ನಿಮ್ಮ ಅನುಭವವೇ ನಿಮ್ಮ ಅಂಕ" ಎಂದು ಜೇನಿನಂಥ ದನಿಯ ಹುಡುಗನೊಬ್ಬ ಹೊತ್ತುಗೊತ್ತಿಲ್ಲದೆ ಕರೆಯುತ್ತಿದ್ದ. ಐಲಿಗೆ ಅರ್ಧ ಮನಸ್ಸೂ ಬಂದಿತ್ತು. ಒಂದು ಶನಿವಾರ ಅವಳು ಹಿತ್ತಲಿನ ಸೌನಾದಲ್ಲಿ, ಅಂದರೆ ಬಿಸಿಯಾವಿಯ ಸ್ನಾನದ ಗೂಡಿನಲ್ಲಿ, ಬೆವರುತ್ತಾ ಕೂತಿದ್ದಾಗ ಫೋನು ಬಂತು. ಅತ್ತೆ ಸೈಮಿ ಎತ್ತಿದರು. ಕಿವಿ ಮಂದವಾದ್ದರಿಂದ ಅವರು ಸ್ಪೀಕರ್ ಹಾಕಿಕೊಂಡೇ ಮಾತಾಡುವುದು. ನಾನು ಕಾಫಿ ಕುಡಿಯುತ್ತಾ ಎದುರಿಗೇ ಇದ್ದೆ.

"ಅವಳು ಸ್ನಾನಕ್ಕೆ ಹೋಗಿದಾಳೆ. ನಾನು ಅವಳತ್ತೆ. ನಂಗೇ ಹೇಳಪ್ಪ."

ಅವನು ಎಲ್ಲಾ ಹೇಳಿದ. ಸೈಮಿ ತಾಳ್ಮೆಯಿಂದ ಕೇಳಿದರು.

"ಸರಿ. ನೀವು ಕೊಡೋ ಕಾಗದ ನೋಡಿ ನಮ್ಮ ರಾಜ್ಯದೋರು ಇವಳನ್ನ ಟೀಚರ್ ಅಂತ ಒಪ್ತಾರಾ?"

ಆ ಕಡೆಯಿಂದ ಇನ್ನಷ್ಟು ಜೇನು ಸುರಿಯಿತು.

"ಅದಲ್ಲ ಮಗ ನಾನು ಕೇಳಿದ್ದು. ಒಪ್ತಾರೋ, ಇಲ್ವೋ?"

"ಅದು... ಆಯಾ ರಾಜ್ಯದ ನಿಯಮ ನೋಡ್ಕೊಂಡು..."

"ಅಂದ್ರೆ ಇಲ್ಲ ಅಂತಾಯ್ತು. ನಿಮ್ಮಮ್ಮ ಚೆನ್ನಾಗಿದಾರಾ? ಹೋಗಿ ಮೊದಲು ಅವರಿಗೆ ಮಾರು ಇದನ್ನ." ಫೋನಿಟ್ಟು ನನ್ನ ಕಡೆ ತಿರುಗಿದರು. "ಅಷ್ಟೊಂದು ಬೆಣ್ಣೆ ಮೆತ್ತಿದಾನೆ ಅಂದ್ರೆ ರೊಟ್ಟಿ ಹಳಸಿದೆ ಅಂತಾನೇ ಅರ್ಥ."

ಐಲಿ ಒದ್ದೆ ಕೂದಲಲ್ಲಿ ಒಳಗೆ ಬಂದಾಗ ಒಳಕೋಣೆಯಿಂದ ಎಲ್ಲಾ ಕೇಳಿಸಿಕೊಂಡಿದ್ದ ಅವಳ ಗಂಡ ರೈನೋ ವಿಷಯ ಹೇಳಿದ. ಮರದ ದಿಮ್ಮಿ ಸಾಗಿಸುವ ಲಾರಿಯ ಡ್ರೈವರ್ ಅವನು, ಮಾತು ಕಡಿಮೆ. "ಸರಿಯಾದ್ದು ಹುಡುಕಿ ಓದು. ಅಡುಗೆ ನಾನು ನೋಡ್ಕೋತೀನಿ," ಎಂದ.

"ನಿನ್ನ ಅಡುಗೆ ಅರಗಿಸ್ಕೊಳ್ಳೋಕೆ ನಾವೂ ಒಂದು ಡಿಗ್ರಿ ಮಾಡ್ಬೇಕಾಗತ್ತೆ," ಎಂದರು ಸೈಮಿ.

ಸೋಮವಾರ ನಾನು ರಾಜ್ಯದ ಶಿಕ್ಷಣ ಕಚೇರಿಗೇ ಫೋನು ಮಾಡಿ, ಯಾವ ಯಾವ ಕಾಲೇಜಿನ ಪದವಿ ನಡೆಯುತ್ತದೆ ಎಂದು ಕೇಳಿದೆ. ಅವರು ಹೇಳಿದ್ದರಲ್ಲಿ ದೊಡ್ಡ ಹೆಸರಿನದೊಂದು ಒಳ್ಳೆಯದೇ ಆಗಿತ್ತು, ಆದರೆ ಕೆಲಸ ಮಾಡುತ್ತಾ ಓದಿದರೆ ಐದು ವರ್ಷ ಹಿಡಿಯುತ್ತಿತ್ತು. ಇನ್ನೊಂದರ ಲೆಕ್ಕ ಬೇರೆ. ಆರು ತಿಂಗಳಿಗೊಮ್ಮೆ ಒಂದೇ ಶುಲ್ಕ, ಅಷ್ಟರಲ್ಲಿ ಎಷ್ಟು ವಿಷಯ ಮುಗಿಸುತ್ತೀಯೋ ಅಷ್ಟೂ ನಿನ್ನದು. ಗೊತ್ತಿರುವುದನ್ನು ಮತ್ತೆ ಕೂತು ಕೇಳಬೇಕಾಗಿಲ್ಲ, ಸಿದ್ಧವಾದ ದಿನ ಪರೀಕ್ಷೆ.

"ಅಲ್ಲಿಗೆ ಈಗಲೇ ಸೇರಬೇಡ," ಎಂದೆ. "ಇಂಗ್ಲಿಷು, ಚರಿತ್ರೆ ಇಂಥವನ್ನ ನಮ್ಮ ಜಿಲ್ಲೆಯ ಸಣ್ಣ ಕಾಲೇಜಲ್ಲಿ ಅಗ್ಗಕ್ಕೆ ಮುಗಿಸ್ಕೋ. ಆಮೇಲೆ ಅಲ್ಲಿ ಓಡು. ಮೀಟರ್ ತಿರುಗ್ತಾ ಇರೋ ಟ್ಯಾಕ್ಸಿಲಿ ಕೂತು ದಾರಿ ಯೋಚಿಸಬಾರದು. ಹಳೇ ಕಾಲೇಜಿನ ಅಂಕಪಟ್ಟೀನೂ ತರಿಸೋಣ."

ಅವಳ ಮುಖ ಬಾಡಿತು. "ಅದು ಬೇಡ ಕಣೇ. ಅದರಲ್ಲಿ ಬರೀ ಫೇಲು."

ಬರೀ ಫೇಲು ಇರಲಿಲ್ಲ. ಅಪ್ಪ ತೀರಿಕೊಂಡ ಆ ಕೊನೆಯ ಅರ್ಧ ವರ್ಷ ಮಾತ್ರ ಹಾಗಿತ್ತು. ಅದಕ್ಕೂ ಮುಂಚಿನ ವಿಷಯಗಳೆಲ್ಲ ಪಾಸು, ಎಲ್ಲವನ್ನೂ ಒಪ್ಪಿಕೊಳ್ಳುತ್ತೇವೆಂದು ಹೊಸ ಕಾಲೇಜಿನಿಂದ ಉತ್ತರ ಬಂತು. ಐಲಿ ಅದನ್ನು ಎರಡು ಸಲ ಓದಿದಳು. "ಎಲ್ಲಾ ದಂಡ ಆಯ್ತು ಅಂದ್ಕೊಂಡು ಇಷ್ಟು ವರ್ಷ ಬದುಕಿದೆನಲ್ಲೇ," ಎಂದಳು.

ಆ ಬೇಸಿಗೆ ಸಣ್ಣ ಕಾಲೇಜಿನ ವಿಷಯಗಳು ಮುಗಿದವು. ಶರತ್ಕಾಲದಲ್ಲಿ ದೊಡ್ಡ ಓಟ. ಮಕ್ಕಳ ಬೆಳವಣಿಗೆ, ಓದು ಕಲಿಸುವ ವಿಧಾನ, ಸಿಟ್ಟು ಬಂದ ಮಗುವನ್ನು ಸಂಭಾಳಿಸುವುದು, ಇವು ಅವಳಿಗೆ ದಿನನಿತ್ಯದ ಮಾತು. ಪುಸ್ತಕದಲ್ಲಿ ಅವಕ್ಕೆ ದೊಡ್ಡ ಹೆಸರುಗಳಿದ್ದವು ಅಷ್ಟೆ. ಒಂದಾದ ಮೇಲೊಂದು ಪಾಸಾದಳು. ಆಮೇಲೆ ಸಂಖ್ಯಾಶಾಸ್ತ್ರ ಬಂತು. ಒಮ್ಮೆ ಫೇಲು. ಇನ್ನೊಮ್ಮೆ ಫೇಲು. ಮೀಟರ್ ತಿರುಗುತ್ತಲೇ ಇತ್ತು. ಐಲಿ ಕಂಪ್ಯೂಟರ್ ಮುಚ್ಚಿಟ್ಟು ಲೈಬ್ರರಿಗೂ ಬರುವುದನ್ನು ಬಿಟ್ಟಳು.

ಅವಳನ್ನು ಎಳೆದು ತಂದವರು ಪ್ರಿಚರ್ಡ್ ಮೇಷ್ಟ್ರು. ಅವರು ಜೀವಮಾನವಿಡೀ ಗಣಿತ ಕಲಿಸಿದವರು. ತರಗತಿಯಲ್ಲಿ ಐಲಿಯ ಸಪ್ಪೆ ಮುಖ ನೋಡಿ ವಿಷಯ ಕೇಳಿದರು, ಕೇಳಿ ಸಿಡುಕಿದರು.

"ನೀನು ಪಾಸಾಗದೆ ಇದ್ರೆ ನನ್ನ ಗತಿ ಏನು ತಾಯಿ? ಮೀನು ಹಿಡಿಯೋ ವಯಸ್ಸಲ್ಲಿ ಮಕ್ಕಳ ಮೂಗು ಒರೆಸ್ತಾ ಇದೀನಿ! ಶನಿವಾರ ಸರೋವರಕ್ಕೆ ಬಾ."

ಹೆಪ್ಪುಗಟ್ಟಿದ ಕೊಲ್ಲಿಯ ಮೇಲೆ ಮೇಷ್ಟ್ರದೊಂದು ಹಲಗೆ ಗೂಡು. ಒಳಗೊಂದು ಪುಟ್ಟ ಒಲೆ, ಮಂಜುಗಡ್ಡೆಯಲ್ಲಿ ಕೊರೆದ ತೂತು, ಅದರೊಳಗೆ ಗಾಳ. ಆ ಚಳಿಗಾಲದ ಶನಿವಾರಗಳನ್ನು ಐಲಿ ಅಲ್ಲೇ ಕಳೆದಳು, ಮೊಣಕಾಲ ಮೇಲೆ ಪುಸ್ತಕ, ಕೈಯಲ್ಲಿ ಮಾಂಸ, ಆಲೂಗಡ್ಡೆ ತುಂಬಿದ ಕಡುಬಿನಂಥ ಬಿಸಿ ಪ್ಯಾಸ್ಟಿ. ಮೇಷ್ಟ್ರು ಗಾಳದಿಂದ ಕಣ್ಣು ಕೀಳದೆ ಪಾಠ ಹೇಳುತ್ತಿದ್ದರು.

"ಹೋದ ವಾರ ನಾಲ್ಕು ಮೀನು, ಈ ವಾರ ಒಂದೂ ಇಲ್ಲ. ಸರೋವರ ಬರಿದಾಯ್ತು ಅಂತೀಯಾ?"

"ಎರಡೇ ವಾರ ನೋಡಿ ಹೇಗೆ ಹೇಳೋದು ಸಾರ್? ಇನ್ನಷ್ಟು ವಾರ ನೋಡ್ಬೇಕು."

"ಇಷ್ಟೇ ಕಣಮ್ಮ ಆ ಅಧ್ಯಾಯ! ಇದನ್ನೇ ಅವರು ನಲವತ್ತು ಪುಟ ಬರೆದಿದಾರೆ. ಶ್, ಮಾತಾಡ್ಬೇಡ, ಎಳೀತಾ ಇದೆ."

ಮೂರನೆಯ ಸಲ ಪಾಸಾದಳು. ಚೆನ್ನಾಗೇನೂ ಅಲ್ಲ, ಹೇಗೋ ಪಾಸಾದಳು.

ಇನ್ನೇನು ದಡ ಸೇರಿದಳು ಎನ್ನುವಾಗ ನಾವಿಬ್ಬರೂ ಗಮನಿಸದ ಹಳ್ಳವೊಂದು ಸಿಕ್ಕಿತು. ಕೊನೆಯಲ್ಲಿ ನಾಲ್ಕಾರು ತಿಂಗಳು ತರಗತಿಯಲ್ಲಿ ನಿಂತು ಪಾಠ ಮಾಡಿ ತೋರಿಸಬೇಕು, ಅದಕ್ಕೆ ಸಂಬಳವಿಲ್ಲ. ಸಹಾಯಕಿಯ ಕೆಲಸಕ್ಕೆ ಅಷ್ಟು ತಿಂಗಳು ರಜೆ ಹಾಕಿದರೆ ಮನೆಮಂದಿಯ ಆರೋಗ್ಯ ವಿಮೆಯೂ ಹೋಗುತ್ತಿತ್ತು. ರೈನೋನ ರಕ್ತದೊತ್ತಡದ ಔಷಧಿಗೆ ಆ ವಿಮೆಯೇ ಆಧಾರ. ತನ್ನದೇ ತರಗತಿಯಲ್ಲಿ, ಸಂಬಳದ ಮೇಲೆ ಇದ್ದುಕೊಂಡೇ ಮಾಡಬಹುದು ಎಂದು ಕಾಲೇಜಿನವರು ಹೇಳಿದರು. ಆದರೆ ನಮ್ಮ ಶಾಲಾ ಮಂಡಳಿ ಒಪ್ಪಬೇಕಿತ್ತು.

"ನಾನೇ ಹೋಗಿ ಕೇಳ್ತೀನಿ," ಎಂದರು ಹೆಡ್‌ಮಾಸ್ಟರ್.

"ಬೇಡ ಸಾರ್. ಕೇಳೋಳು ನಾನಾಗಿರಬೇಕು," ಎಂದಳು ಐಲಿ.

ಮಕ್ಕಳ ಮುಂದೆ ಎಷ್ಟು ಬೇಕಾದರೂ ಮಾತಾಡುವವಳು ದೊಡ್ಡವರ ಸಭೆಯಲ್ಲಿ ಬಾಯಿ ತೆರೆದದ್ದನ್ನು ನಾನು ಕಂಡಿರಲಿಲ್ಲ. ಅವತ್ತು ಮಂಡಳಿಯ ಸಭೆಯಲ್ಲಿ ಎದ್ದು ನಿಂತಳು, ಕುತ್ತಿಗೆ ಕೆಂಪಾಗಿತ್ತು. "ಆ ಮಕ್ಕಳ ಹತ್ರ ದಿನಾ ನಾನೇ ಇರ್ತೀನಿ. ಅದೇ ರೂಮಲ್ಲಿ ಪಾಠ ಹೇಳೋದನ್ನ ಕಲಿಯೋಕೆ ನಾನು ಕೆಲಸ ಯಾಕೆ ಬಿಡ್ಬೇಕು? ಬಿಟ್ರೆ ಅವರ ಹತ್ರ ಇರೋರು ಯಾರು?" ಇಷ್ಟೇ ಹೇಳಿ ಕೂತಳು. ಒಬ್ಬ ಸದಸ್ಯ, "ಇದು ರೂಢಿಯಾಗ್ಬಿಡತ್ತೆ," ಎಂದು ಗೊಣಗಿದ. "ಆಗಲಿ ಬಿಡಿ, ಟೀಚರುಗಳಾದ್ರೂ ಸಿಗ್ತಾರೆ," ಎಂದರು ಅಧ್ಯಕ್ಷೆ. ಕೈ ಎತ್ತಿಸಿ ಎಣಿಸಿದರು. ಒಪ್ಪಿಗೆಯಾಯಿತು.

ಅಂದುಕೊಂಡದ್ದಕ್ಕಿಂತ ಅರ್ಧ ವರ್ಷ ತಡವಾಗಿಯೇ ಮುಗಿಯಿತು. ಪ್ರಿಚರ್ಡ್ ಮೇಷ್ಟ್ರು ಬೈಯುತ್ತಲೇ ಅಷ್ಟು ದಿನ ಹೆಚ್ಚಿಗೆ ಉಳಿದರು. ಪದವಿ ಬಂದ ದಿನ ರೈನೋ ಬೆರ್ರಿ ಹಾಕಿ ಕೇಕು ಮಾಡಿದ. ಸೈಮಿ ಎರಡು ತುಂಡು ತಿಂದು, "ಪರವಾಗಿಲ್ಲ," ಎಂದರು. ಅವರ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಐಲಿ ಟೀಚರಾಗಿ ಹೋದ ಮೊದಲ ದಿನದ ಕತೆಯನ್ನು ಅವಳೇ ನನಗೆ ಹೇಳಿದ್ದು. ಹೊಸ ಕೋಟು ತೊಟ್ಟು ಟೀಚರ ಕುರ್ಚಿಯಲ್ಲಿ ಕೂತಳಂತೆ. ಕ್ಯಾಲ್ವಿನ್ ಎಂಬ ಒಂಬತ್ತರ ಹುಡುಗನಿಗೆ ಯಾವ ವಸ್ತುವೂ ಜಾಗ ಬದಲಿಸಬಾರದು, ಯಾವ ಮನುಷ್ಯನೂ ಬದಲಿಸಬಾರದು. ಅವನು ಬಂದು ಎದುರಿಗೆ ನಿಂತ.

"ಏಳು. ಅದು ನಿನ್ನ ಕುರ್ಚಿ ಅಲ್ಲ. ನಿನ್ನ ಕುರ್ಚಿ ಅಲ್ಲಿದೆ."

ಐಲಿ ಎದ್ದಳು. ಮಕ್ಕಳ ನಡುವೆ ಇದ್ದ ತನ್ನ ಗಿಡ್ಡ ಕುರ್ಚಿಗೆ ಹೋಗಿ ಕೂತಳು. ಕ್ಯಾಲ್ವಿನ್ ತೃಪ್ತಿಯಿಂದ ತಲೆಯಾಡಿಸಿ ತನ್ನ ಜಾಗಕ್ಕೆ ಹೋದ. ಅವಳು ಅಲ್ಲಿಂದಲೇ ಪಾಠ ಶುರುಮಾಡಿದಳು. ಈಗಲೂ ಅಲ್ಲಿಂದಲೇ ಮಾಡುತ್ತಾಳೆ.