ಕೇಳಿ ಕುಡಿದ ಹರಳೆಣ್ಣೆ

ಅಮ್ಮ ಕಾಮಾಲೆಯಲ್ಲಿ ತೀರಿಕೊಂಡಾಗ ನನಗೆ ಹದಿಮೂರು. ನಡುಮನೆಯಲ್ಲಿ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆ ತುಂಬ ವಿಭೂತಿ ಬಳಿದಿದ್ದರು. ಬಂದ ಹೆಂಗಸರೆಲ್ಲ ಅವಳನ್ನು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು, ಯಾವಾಗ ಅಳುತ್ತಾಳೋ ಅಂತ. ಅಪ್ಪನ ಅಕ್ಕ, ನನ್ನ ಸೋದರತ್ತೆ, ಬೆನ್ನು ತಟ್ಟಿ ತಟ್ಟಿ ಹೇಳಿದಳು: “ಅತ್ಬುಡು ಕಣೇ, ಎದೆ ಹಗುರಾಯ್ತದೆ.” ಎದೆ ಭಾರವಾಗಿದ್ದರೆ ತಾನೆ? ಅಲ್ಲೇನೂ ಇರಲಿಲ್ಲ. ಮದುವೆ ಮನೆಯಲ್ಲಿ ಕಂಠಮಟ್ಟ ತಿಂದವರ ಹಾಗೆ ಹೊಟ್ಟೆ ಬಿಗಿದುಕೊಂಡಿತ್ತು, ಅಷ್ಟೆ. ಹಿಂದಿನ ದಿನದಿಂದ ನಾನು ಏನೂ ತಿಂದಿರಲಿಲ್ಲ. “ಹೊಟ್ಟೆ ತುಂಬಿದೆ ಅತ್ತೆ” ಅಂದೆ. ಪಕ್ಕದಲ್ಲಿದ್ದವಳೊಬ್ಬಳು, “ಕಲ್ಲು ಮನಸ್ಸು ಕಣಮ್ಮ ಈ ಹುಡ್ಗೀದು” ಅಂದಳು. ಅವಳ ಬಾಯಿಗೆ ಮಣ್ಣು ಹಾಕ, ಆ ಮಾತು ಇವತ್ತಿಗೂ ಮರೆತಿಲ್ಲ.

ಅತ್ತೆ ನಮ್ಮನ್ನು ನೋಡಿಕೊಳ್ಳಲು ನಮ್ಮಲ್ಲೇ ಉಳಿದಳು. ಹೊಟ್ಟೆ ತುಂಬಿದೆ ಅಂದರೆ ಅವಳ ಲೆಕ್ಕದಲ್ಲಿ ಅಜೀರ್ಣ. ಓಮ ಅಗಿಸಿದಳು, ಶುಂಠಿ ಕಷಾಯ ಕುಡಿಸಿದಳು, ಕೊನೆಗೆ ಒಂದು ಭಾನುವಾರ ಹರಳೆಣ್ಣೆ ತಂದಳು. ಎಪ್ಪತ್ತರ ದಶಕದಲ್ಲಿ ನಮ್ಮ ಹೊನ್ನವಳ್ಳಿ ಕಡೆ ಮಕ್ಕಳಿಗೆ ಭೇದಿಯಾಗಲೆಂದು ಹರಳೆಣ್ಣೆ ಕುಡಿಸದ ಮನೆಯೇ ಇರಲಿಲ್ಲ. ಮಕ್ಕಳು ಅಟ್ಟ ಹತ್ತಿ ತೆಂಗಿನಕಾಯಿ ರಾಶಿಯ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದರು. ಹಿಡಿದು ತಂದು ಮೂಗು ಮುಚ್ಚಿ ಹುಯ್ಯಬೇಕಿತ್ತು. ನಾನು ಸುಮ್ಮನೆ ಕುಡಿದೆ. ಸಂಜೆಗೆ ಒಳಗೆಲ್ಲ ತೊಳೆದಿಟ್ಟ ಪಾತ್ರೆಯಂತಾಯಿತು. ಬಿಗಿತ ಇಲ್ಲ, ಏನೂ ಇಲ್ಲ. ಮುಂದಿನ ಸಲ ನಾನೇ ಹೋಗಿ ಕೇಳಿದೆ.

ಅತ್ತೆಗೆ ಹೇಳಲಾರದಷ್ಟು ಹೆಮ್ಮೆ. “ಯಾರ ಮನೇಲೈತೆ ಇಂಥ ಹುಡ್ಗಿ? ತಾನಾಗೇ ಬಂದು ಬಾಯ್ ತೆಗೀತಾಳೆ” ಅಂತ ಬಾವಿಕಟ್ಟೆಯಲ್ಲೆಲ್ಲ ಸಾರಿದಳು. ಊಟ ಬೇಡವೆಂದರೆ ಲಂಘನಂ ಪರಮೌಷಧಂ ಅನ್ನುವವರೇ ಎಲ್ಲ. ಅವಳು ಕೊಡದ ದಿನ ಕದ್ದು ಕುಡಿಯತೊಡಗಿದೆ. ಹಸಿವು ಯಾವಾಗ ನಿಂತಿತೋ ತಿಳಿಯಲಿಲ್ಲ. ಪರೀಕ್ಷೆಯ ಭಯ, ಮೇಷ್ಟರ ಮೇಲಿನ ಸಿಟ್ಟು, ಬೇಸರ, ಎಲ್ಲವೂ ಆ ಒಂದೇ ಬಿಗಿತವಾಗಿ ಹೊಟ್ಟೆಗೇ ಬರುತ್ತಿದ್ದವು. ಎಲ್ಲಕ್ಕೂ ಒಂದೇ ಮದ್ದು. ಮುಟ್ಟು ನಿಂತಿತು. ಲಂಗ ಜಾರತೊಡಗಿತು. ಲಾಡಿ ಬಿಗಿದು ಕಟ್ಟಿಕೊಂಡೆ.

ಮಾರನೆ ವರ್ಷ, ಕೊಬ್ಬರಿಗೆಂದು ಅಟ್ಟದಿಂದ ಕಾಯಿ ಇಳಿಸುವಾಗ ಏಣಿಯಿಂದ ಬಿದ್ದೆ. ಅಪ್ಪ ಓಡಿ ಬಂದು ಎತ್ತಿಕೊಂಡವರು ಅಲ್ಲೇ ನಿಂತುಬಿಟ್ಟರು. ಕೈಗೆ ಭಾರವೇ ಸಿಕ್ಕಿರಲಿಲ್ಲ ಅವರಿಗೆ. ತಿಪಟೂರಿನ ಡಾಕ್ಟರು ನನ್ನ ಕಣ್ಣು, ನಾಲಿಗೆ, ಹೊಟ್ಟೆ ನೋಡಿ, ಅತ್ತೆಯಿಂದ ಎಣ್ಣೆಯ ಕತೆ ಕೇಳಿ ಕೆಂಡವಾದರು. “ಇನ್ನೊಂದು ಸಲ ಕುಡಿಸಿದ್ರೆ ಹುಡುಗಿ ನಿಮಗೆ ಉಳಿಯೋಲ್ಲ. ಹೊಟ್ಟೆಗೆ ಆಹಾರ ಹೋಗ್ಲೇಬೇಕು.” ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಕೆಲವು ದಿನ ಗ್ಲೂಕೋಸ್ ಏರಿಸಿ ಮನೆಗೆ ಕಳಿಸಿದರು. ಅಪ್ಪ ತೋಟದ ಕಡೆ ತಲೆ ಹಾಕದೆ, ಹಾಸಿಗೆಯ ಪಕ್ಕ ಕೂತು ಚಮಚದಲ್ಲಿ ಗಂಜಿ ಕುಡಿಸಿದರು. ಒಂದು ಮಧ್ಯಾಹ್ನ ಹೊಟ್ಟೆಯೊಳಗೆ ಏನೋ ಕಿವುಚಿದಂತಾಯಿತು, ಕೈಕಾಲು ನಡುಗಿದವು. “ಅಪ್ಪಾ, ಸಾಯ್ತೀನಿ ಅನ್ಸುತ್ತೆ” ಅಂದೆ. ಅಪ್ಪ ಹೆದರಿ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟರು. ಒಳಗೆ ಗುರುಗುಟ್ಟಿತು. “ಹಸಿವು ಕಣವ್ವ ಅದು” ಅಂದರು.

ಬಟ್ಟಲು ಗಂಜಿ ಪೂರ್ತಿ ಕುಡಿದೆ. ಹೊಟ್ಟೆ ಬೆಚ್ಚಗಾಯಿತು. ಆಮೇಲೆ ಎದೆಯಲ್ಲಿ ಬೇರೆ ಏನೋ ಶುರುವಾಯಿತು. ಅಮ್ಮ ಹೋಗಿ ವರ್ಷ ಕಳೆದಿತ್ತು. ನನ್ನ ಪಾಲಿಗೆ ಅವಳು ಸತ್ತದ್ದು ಆ ಮಧ್ಯಾಹ್ನ. ಅಪ್ಪ ಹಿಡಿದುಕೊಂಡರೂ ಬಿಡಿಸಿಕೊಂಡು ಗೋಡೆಗೆ ತಲೆ ಚಚ್ಚಿಕೊಂಡು ಅಳುತ್ತಿದ್ದೆನಂತೆ. ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಂತಿದ್ದರು.

ಸಂಜೆ ಮತ್ತೆ ಗಂಜಿ ಬಂದಾಗ ಬಾಯಿ ಬಿಗಿಹಿಡಿದೆ. ಖಾಲಿ ಹೊಟ್ಟೆಯಲ್ಲಿ ಆ ನೋವು ಇರಲಿಲ್ಲ, ಅದು ಈಗ ನನಗೆ ಗೊತ್ತಾಗಿತ್ತು. “ಬೇಡಪ್ಪ, ಕುಡಿದ್ರೆ ಅಮ್ಮ ಸತ್ತಿದ್ದು ಗೊತ್ತಾಗುತ್ತೆ” ಅಂದೆ. ಅಪ್ಪ ಬಟ್ಟಲು ಕೆಳಗಿಡಲಿಲ್ಲ.

“ಗೊತ್ತಾಗ್ಲಿ ಮಗಾ. ನಂಗೂ ತುತ್ತು ತುತ್ತಿಗೂ ಗೊತ್ತಾಯ್ತದೆ. ಆದ್ರೂ ಉಣ್ತೀನಿ, ನೀನಿದೀಯಲ್ಲ ಅಂತ.”

ಚಮಚ ತುಂಬಿ ನನ್ನ ಬಾಯಿಯ ಹತ್ತಿರ ಹಿಡಿದರು. ನಾನು ಬಾಯಿ ತೆರೆದೆ. ಅದಾಗಿ ಎಷ್ಟೋ ವರ್ಷ ಕಳೆದವು, ಅಪ್ಪನೂ ಈಗಿಲ್ಲ. ಹಸಿವು ತಾನಾಗಿ ಬರಲಿ ಅಂತ ನಾನು ಕಾಯುವುದಿಲ್ಲ. ಹೊತ್ತಾಯಿತೆಂದರೆ ತಟ್ಟೆ ಹಾಕಿಕೊಂಡು ಕೂರುತ್ತೇನೆ. ಅಳು ಬಂದರೂ ಉಣ್ಣುತ್ತೇನೆ.