ಮುಚ್ಚಿದ ಗುಂಡಿಗಳು

ಪೀಣ್ಯದಲ್ಲಿ ನಮ್ಮ ರಾಗಿ ಹೊಲ ಕಾರ್ಖಾನೆಗಳ ಪಾಲಾದ ಮೇಲೆ ನಮ್ಮದೆಂದು ಉಳಿದದ್ದು ಊರೊಳಗಿನ ಮನೆ, ಅದರ ಹಿಂದಿನ ಅಂಗಳ, ಅಷ್ಟೇ. ಅಂಗಳದಲ್ಲಿ ಅಪ್ಪ ಶೀಟು ಹೊದಿಸಿದ ಕೋಣೆಗಳನ್ನು ಕಟ್ಟಿಸಿ ಕಾರ್ಮಿಕರಿಗೆ ಬಾಡಿಗೆಗೆ ಕೊಡುತ್ತಿದ್ದರು. ಎಂಬತ್ತರ ದಶಕದ ಶುರು. ತಗಡು ಒತ್ತುವ ಪ್ರೆಸ್ಸುಗಳ ಹೊಡೆತಕ್ಕೆ ದಿನವಿಡೀ ಕಾಲಡಿಯ ನೆಲ ಅದುರುತ್ತಿತ್ತು. ಕಾಲೇಜು ಮುಗಿಸಿ ಮನೆಯಲ್ಲಿದ್ದ ನನಗೆ ಕೂತರೂ ಸಮಾಧಾನವಿಲ್ಲ, ನಿಂತರೂ ಇಲ್ಲ.

ಒಂದು ಕೋಣೆಯಲ್ಲಿ ಘಟ್ಟದ ಕಾಡಿನಿಂದ ಬಂದವನೊಬ್ಬನಿದ್ದ. ಅವನ ಜನ ತಲೆತಲಾಂತರದಿಂದ ಆ ಕಾಡಿನ ಜೇನು, ಗೆಣಸು ನಂಬಿ ಬದುಕಿದವರು. ಅವರ ಪೈಕಿ ಎಸ್ಸೆಸ್ಸೆಲ್ಸಿ ದಾಟಿದವನು ಇವನೊಬ್ಬನೇ. ಪಕ್ಕದ ಕಾರ್ಖಾನೆ ಶೆಡ್ಡಿನಲ್ಲಿ ಬಂಡೆ ಕೊರೆಯುವ ಯಂತ್ರದ ಉಕ್ಕಿನ ಮೊನೆ, ಅಂದರೆ ಬಿಟ್‌ಗಳನ್ನು ತಯಾರಿಸುತ್ತಿದ್ದ. ಕೇಳಿದ್ದಕ್ಕೆಲ್ಲ ಬರೀ ತಲೆಯಾಡಿಸುವ ಅವನನ್ನು ಕಂಡರೆ ನನಗೆ ರೇಗುತ್ತಿತ್ತು.

ಒಂದು ಸಂಜೆ ಅವನ ತಾಯಿ ಚೀಲದ ತುಂಬ ಕಾಡುಗೆಣಸು ಹೊತ್ತು ಬಂದಳು. ಗುಡ್ಡದಲ್ಲಿ ಅದಿರಿದೆಯೆಂದು ಜೀಪಿನವರು ಬಂದು ಅಲ್ಲಲ್ಲಿ ಕೊರೆಯುತ್ತಿದ್ದಾರಂತೆ. ಗಣಿ ಶುರುವಾದರೆ ಕಾಡು ಕಡಿಯುತ್ತಾರೆ, ನೀವು ಜಾಗ ಖಾಲಿ ಮಾಡಬೇಕು ಅಂದಿದ್ದಾರಂತೆ. ಸೋಮವಾರ ಅಧಿಕಾರಿ ಬರುತ್ತಾನೆ, ಎದುರು ನಿಂತು ಮಾತಾಡಲು ಓದಿದ ಮಗ ಬೇಕು ಅಂದಳು. ಮಗ ನೆಲ ನೋಡುತ್ತ, ರಜೆ ಕೇಳಿದರೆ ಕೆಲಸ ಹೋಗುತ್ತದೆ ಅಂದ. ಅವನು ಇನ್ನೊಂದು ಮಾತು ಬಚ್ಚಿಟ್ಟದ್ದು ನನಗಾಗ ಗೊತ್ತಾಗಲಿಲ್ಲ.

ಬೆಳಿಗ್ಗೆ ಎದ್ದರೆ ಅಂಗಳದಲ್ಲಿ ರಂಪ. ಹೊಸ ಕೋಣೆಯ ಕಲ್ಲುಕಂಬಗಳಿಗೆಂದು ಅಪ್ಪ ಹಿಂದಿನ ದಿನ ತೋಡಿಸಿದ್ದ ಗುಂಡಿಗಳೆಲ್ಲ ಮುಚ್ಚಿಹೋಗಿದ್ದವು, ಯಾರೋ ಮಣ್ಣನ್ನು ನೀಟಾಗಿ ತುಳಿದು ಕೂರಿಸಿದ್ದರು. ಗಾರೆಯವರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಅಪ್ಪನ ಕೂಗಾಟಕ್ಕೆ ಆ ತಾಯಿ ತಬ್ಬಿಬ್ಬಾದಳು.

"ಅಗೆದವ್ರು ಮುಚ್ಚೋಕೆ ಮರ್ತಿದಾರೆ ಅಂದ್ಕೊಂಡೆ," ಅಂದಳು. "ಗೆಣಸು ತೆಗೆದ್ರೆ ಮತ್ತೆ ಚಿಗುರ್ಲಿ ಅಂತ ಬಳ್ಳಿ ತಲೆ ಒಳಗಿಟ್ಟು ಮಣ್ಣು ಎಳೀಬೇಕಲ್ಲ. ನಮ್ಮಲ್ಲಿ ಗುಂಡಿ ಬಾಯಿ ತೆರೆದು ಬಿಡೋದಿಲ್ಲ."

ಒಂದೊಂದು ಗುಂಡಿಯಲ್ಲೂ ತಾನು ತಂದ ಗೆಣಸಿನ ತಲೆಯನ್ನು ಕುಯ್ದು ಹೂತಿದ್ದಳು. ಗಾರೆಯವರು ನಕ್ಕರು, ನಾನೂ ನಕ್ಕೆ. ಆದರೆ ಅವಳ ಮಾತು ಮುಗಿದಿರಲಿಲ್ಲ. ಜೀಪಿನವರು ಕೊರೆದು ಬಿಟ್ಟ ತೂತುಗಳನ್ನೂ ಅವಳ ಜನ ಹೀಗೆಯೇ ಮುಚ್ಚಿದ್ದರಂತೆ. ಅದಕ್ಕೇ ಜೀಪಿನವರು ಪೊಲೀಸರನ್ನು ಕರೆಸುತ್ತೇವೆಂದು ಹೆದರಿಸಿದ್ದರಂತೆ. ನನ್ನ ನಗು ಅಲ್ಲೇ ನಿಂತಿತು.

ಮಗ ಆಗ ಬಾಯಿಬಿಟ್ಟ. "ಅವ್ವಾ, ಅಲ್ಲಿ ಕೊರೆಯೋ ಬಿಟ್‌ಗಳು ನಮ್ ಶೆಡ್ಡಿಂದಾನೇ ಹೋಗೋದು. ನಾನೇ ಮಾಡೋದು."

ಅವಳು ಬೈಯುತ್ತಾಳೆಂದು ಕಾದೆ. ಅವಳು ಕೇಳಿದ್ದು ಇಷ್ಟೇ: "ಮುಚ್ಚೋದಕ್ಕೆ ಏನು ಮಾಡ್ತೀರಿ?"

ಅಷ್ಟು ಹೊತ್ತು ಉರಿಯುತ್ತಿದ್ದ ಅಪ್ಪ ಜಗಲಿಯ ಮೇಲೆ ಕೂತುಬಿಟ್ಟರು.

"ಕಾರ್ಖಾನೆಗೆ ಅಂತ ನಮ್ ಒಲ ಅಳ್ದಾಗ ನಮ್ಮನ್ನ ಯಾರೂ ಕೇಳ್ನಿಲ್ಲ," ಅಂದರು. "ನಾವೂ ಬಾಯ್ ಬುಡ್ನಿಲ್ಲ. ನೀನು ಓಗಪ್ಪ, ಸೋಮ್ವಾರ ಅಲ್ಲಿರು."

ಅವನು ಶೆಡ್ಡಿನ ಕಡೆ ಒಮ್ಮೆ ನೋಡಿದ. ಬೆಳಗಿನ ಪಾಳಿಯ ಸೈರನ್ ಆಗಲೇ ಕೂಗಿಯಾಗಿತ್ತು. ಒಳಹೋಗಿ ಬಟ್ಟೆ ಗಂಟು ಕಟ್ಟಿಕೊಂಡು ಬಂದು, ತಾಯಿಯ ಹಿಂದೆ ಬಸ್ ಸ್ಟಾಪಿನ ಕಡೆ ನಡೆದ. ಅವನು ಮತ್ತೆ ಬರಲಿಲ್ಲ. ಆ ಸೋಮವಾರ ಏನಾಯಿತೆಂದು ಇಂದಿಗೂ ನನಗೆ ಗೊತ್ತಿಲ್ಲ; ಆ ಚಡಪಡಿಕೆ ಹೋಗಿಲ್ಲ.

ಗಾರೆಯವರು ಗುಂಡಿಗಳನ್ನು ಮತ್ತೆ ತೋಡಿದರು. ಮಣ್ಣಿನೊಂದಿಗೆ ಮೇಲೆ ಬಂದ ಗೆಣಸಿನ ತಲೆಗಳನ್ನು ಅಪ್ಪ ಒಂದೊಂದಾಗಿ ಆರಿಸಿ ಪಂಚೆಯ ಮಡಿಲಲ್ಲಿ ತುಂಬಿಕೊಂಡರು. ಅಂಗಳದ ಆ ತುದಿಗೆ ಹೋದರು, ಈ ತುದಿಗೆ ಬಂದರು. ಎಲ್ಲ ಕಡೆ ಮುಂದಿನ ಕೋಣೆಗಳಿಗೆ ಸುಣ್ಣದ ಗೆರೆ ಎಳೆದಾಗಿತ್ತು.

"ಇವನ್ನ ಎಲ್ಲಿ ನೆಡಾನ ಮಗಾ?" ಅಂತ ನನ್ನನ್ನು ಕೇಳಿದರು.